ಟಿಎಸ್‌ಎಚ್ 5.8, ಟಿ4 ಸರಿ ಇದೆ: ಜೀವನಪೂರ್ತಿ ಮಾತ್ರೆ ಅಂತಾರಲ್ಲ, ನಿಜವಾ?

ಠಾಣೆ_ಘೋಡ್‌ಬಂದರ್ · ಭಾನುವಾರ ಸಂಜೆ 6.10

ನಮ್ಮ ಕಡೆ ಸೊಸೈಟಿಗಳಲ್ಲಿ ಭಾನುವಾರ ಬೆಳಿಗ್ಗೆ ರಕ್ತ ತಪಾಸಣೆ ಶಿಬಿರ ಈಗ ಮಾಮೂಲು. ಸಕ್ಕರೆ, ಕೊಲೆಸ್ಟ್ರಾಲು, ಥೈರಾಯ್ಡ್ ಎಲ್ಲಾ ಒಂದೇ ಪ್ಯಾಕೇಜು. ಸಂಜೆಯೊಳಗೆ ಮೊಬೈಲಿಗೆ ರಿಪೋರ್ಟು, ಅದರಲ್ಲಿ ಒಂದು ಸಾಲು ಕೆಂಪು. ಈ ಗುಂಪಿಗೇ ಅಂಥವು ಸುಮಾರು ಬಂದಿವೆ.

ಒಂದು ಮಾದರಿ ಹಾಕ್ತೀನಿ. ಹೆಂಗಸು, 38 ವರ್ಷ, ಬಸುರಿಯಲ್ಲ, ಬೇರೆ ಕಾಯಿಲೆ ಇಲ್ಲ. ಬೆಳಿಗ್ಗೆ 7ಕ್ಕೆ ಕೊಟ್ಟ ರಕ್ತದಲ್ಲಿ ಟಿಎಸ್‌ಎಚ್ 5.8, ಫ್ರೀ ಟಿ4 1.1. ಹತ್ತು ದಿನ ಬಿಟ್ಟು ಬೇರೆ ಲ್ಯಾಬಿನಲ್ಲಿ ಮಧ್ಯಾಹ್ನ 2ಕ್ಕೆ ಕೊಟ್ಟರೆ ಟಿಎಸ್‌ಎಚ್ 3.9. ಒಬ್ಬರು 50 ಮೈಕ್ರೊಗ್ರಾಂ ಥೈರಾಕ್ಸಿನ್ ಮಾತ್ರೆ ಇವತ್ತೇ ಶುರು ಮಾಡಿ, ಇನ್ನು ಜೀವನಪೂರ್ತಿ ಅಂದರು. ಇನ್ನೊಬ್ಬರು ಏನೂ ಇಲ್ಲ ಬಿಡಿ ಅಂದರು. ಯಾವ ಲ್ಯಾಬು ತಪ್ಪು? ಯಾರನ್ನ ನಂಬೋದು? ತಿಳಿದವರು ಬುಡದಿಂದ ಹೇಳಿ.

ಪಿಂಪ್ರಿ_ಎಂಡೋ · 6.42

ಎರಡೂ ಲ್ಯಾಬು ಸರಿನೇ ಇರಬಹುದ್ರಿ. ಮೊದಲು ಒಂದು ಮಾತು ತಲ್ಯಾಗ ಇಟ್ಕೊಳ್ರಿ: ಟಿಎಸ್‌ಎಚ್ ಥೈರಾಯ್ಡಿನ ಹಾರ್ಮೋನ್ ಅಲ್ಲ. ಅದು ಮೆದುಳಿನ ಬುಡದಾಗಿರೋ ಪಿಟ್ಯುಟರಿ ಕಳಿಸೋ ಹುಕುಂ. ಕುತ್ತಿಗಿ ಗ್ರಂಥಿ ಸಾಕಷ್ಟು ಕೆಲಸ ಮಾಡಾಕತ್ತಿಲ್ಲ ಅನ್ನಿಸಿದ್ರ ಪಿಟ್ಯುಟರಿ ದನಿ ಏರಸ್ತದ, ಜಾಸ್ತಿ ಆತು ಅನ್ನಿಸಿದ್ರ ದನಿ ಇಳಸ್ತದ. ನಾವು ಅಳಿಯೂದು ಆ ದನಿ.

ಆ ದನಿ ಭಾಳ ಸೂಕ್ಷ್ಮ ಐತಿ. ಗ್ರಂಥಿ ತಯಾರಿಸೂ ಹಾರ್ಮೋನ್ ಫ್ರೀ ಟಿ4 ಅರ್ಧಕ್ಕ ಇಳಿದ್ರ ಟಿಎಸ್‌ಎಚ್ ಎರಡು ಪಟ್ಟು ಅಲ್ಲ, ನೂರು ಪಟ್ಟಿನ ತನಕ ಏರಬಹುದು. ಅದಕ್ಕ ಗ್ರಂಥಿ ಸೋಲಾಕ ಶುರು ಮಾಡಿದಾಗ ಮೊದಲು ಟಿಎಸ್‌ಎಚ್ ಏರ್ತದ, ಟಿ4 ಇನ್ನೂ ರೇಂಜಿನಾಗ ಇರ್ತದ. ಇದಕ್ಕ ಸಬ್‌ಕ್ಲಿನಿಕಲ್ ಅಂತೀವಿ. 5.8 ಮತ್ತು 1.1 ಅಂದ್ರ ಅದ ಲೆಕ್ಕ, ಅದೂ ನಿಜ ಆಗಿದ್ರ.

ನಿಜಾನೋ ಅಲ್ಲೋ ಅಂತ ತಿಳಿಯೂದು ಹ್ಯಾಂಗ? 2-3 ತಿಂಗಳು ಬಿಟ್ಟು ಅದ ಲ್ಯಾಬಿನಾಗ, ಅದ ಹೊತ್ತಿಗೆ ಮತ್ತ ಕೊಡ್ರಿ. ಜೋಡಿಗೆ ಆ್ಯಂಟಿ ಟಿಪಿಒ, ಅಂದ್ರ ಗ್ರಂಥಿ ವಿರುದ್ಧದ ಆ್ಯಂಟಿಬಾಡಿ ಪರೀಕ್ಷೆ, ಒಮ್ಮೆ ಮಾಡಸ್ರಿ. 10ರ ಒಳಗಿನ ಟಿಎಸ್‌ಎಚ್ ಎಷ್ಟೋ ಮಂದಿಗೆ ತಾನಾಗೇ ಕೆಳಗ ಇಳೀತದ. ಒಂದ ಒಂದು ರಿಪೋರ್ಟ್ ನೋಡಿ ಜೀವನಪೂರ್ತಿ ಮಾತ್ರೆ ಅನ್ನೂದು ತಪ್ಪು ಅಂತ ನಾ ಖಡಾಖಂಡಿತ ಹೇಳ್ತೀನಿ.

ಮಾಟುಂಗ_ಓದುಗ · 6.55

ಅಲ್ಲ ಮಾರಾಯ್ರೆ, ಕೂದಲು ಉದುರ್ತಾ ಉಂಟು, ತೂಕ ಏರ್ತಾ ಉಂಟು, ಸುಸ್ತು ಉಂಟು ಅಂತಾದ್ರೆ ಮೂರು ತಿಂಗಳು ಕಾಯ್ಲಿಕ್ಕೆ ಯಾಕೆ ಹೇಳುದು? 25 ಮೈಕ್ರೊಗ್ರಾಂ ಕೊಟ್ಟು ನೋಡಿದ್ರೆ ಏನು ಹೋಗ್ತದೆ?

ಪಿಂಪ್ರಿ_ಎಂಡೋ · 7.04

ಹೋಗ್ತದ್ರಿ. ಸುಸ್ತು, ಕೂದಲು, ತೂಕ ಈ ಮೂರಕ್ಕ ಕಾರಣ ನೂರು. ರಕ್ತಹೀನತೆ, ಫೆರಿಟಿನ್ (ಮೈಯಾಗಿನ ಕಬ್ಬಿಣದ ದಾಸ್ತಾನು) ಕಡಿಮಿ, ಬಿ12 ಕಡಿಮಿ, ನಿದ್ದಿ ಇಲ್ಲದ್ದು. ಥೈರಾಯ್ಡ್ ಹೆಸರು ಹಚ್ಚಿ ಮಾತ್ರೆ ಕೊಟ್ರ ಫೆರಿಟಿನ್ ಯಾರೂ ನೋಡೂದಿಲ್ಲ. ತೂಕದ ಮಾತೂ ಅಷ್ಟ: ಗ್ರಂಥಿ ಪೂರ್ತಿ ಸೋತಾಗೂ ಏರೂದು ಕೆಲವು ಕಿಲೋ, ಅದ್ರಾಗ ಬಹಳಷ್ಟು ಉಪ್ಪು ನೀರು. 5.8ಕ್ಕ 15 ಕಿಲೋ ಏರೂದಿಲ್ಲ.

ಇನ್ನ ಹಾನಿ. ಬೇಡದ ಮಾತ್ರೆಯಿಂದ ಟಿಎಸ್‌ಎಚ್ 0.1ರ ಕೆಳಗ ಹೋದ್ರ ವಯಸ್ಸಾದವರಿಗೆ ಎದಿ ಬಡಿತ ತಾಳ ತಪ್ಪತದ, ಮುಟ್ಟು ನಿಂತ ಹೆಂಗಸರಿಗೆ ಎಲುಬು ಸವೀತದ. 70 ದಾಟಿದವರಿಗೆ ಟಿಎಸ್‌ಎಚ್ 6-7 ಇದ್ರ ಅದು ವಯಸ್ಸಿನ ಸಹಜ ಏರಿಕೆಯೂ ಇರಬಹುದು.

ಆದ್ರ ಕಾಯೂದು ಎಲ್ಲಾರಿಗೂ ಅಲ್ಲ. ಟಿಎಸ್‌ಎಚ್ 10 ದಾಟಿ ನಿಂತ್ರ, ಬಸುರಿ ಇದ್ರ ಇಲ್ಲಾ ಆಗೂ ಯೋಚನೆ ಇದ್ರ, ಗಳಗಂಡ ಕಾಣಾಕತ್ತಿದ್ರ ಬ್ಯಾರೆ ಮಾತು.

ಡೊಂಬಿವಲಿ_ಲ್ಯಾಬ್‌ಮೇಜು · 7.20

ಲ್ಯಾಬಿನ ಕಡೆಯಿಂದ ಹೇಳ್ತೇನೆ. 5.8 ಮತ್ತು 3.9ರ ನಡುವೆ ಮೂರು ವ್ಯತ್ಯಾಸ ಇವೆ.

ಮೊದಲನೆಯದು ಹೊತ್ತು. ಟಿಎಸ್‌ಎಚ್ ರಾತ್ರಿ ಏರುತ್ತಾ ಹೋಗಿ ನಸುಕಿಗೆ ಮುಂಚೆ ತುದಿ ಮುಟ್ಟುತ್ತದೆ, ಮಧ್ಯಾಹ್ನ ತೀರ ಕೆಳಗಿರುತ್ತದೆ. ಬೆಳಿಗ್ಗೆ 7ರ ಬರಿಹೊಟ್ಟೆಯ ರಕ್ತ, ಊಟವಾದ ಮೇಲೆ 2 ಗಂಟೆಯ ರಕ್ತ, ಇವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತೆಯೇ ಇಲ್ಲ. ಎರಡನೆಯದು ಯಂತ್ರ. ಪ್ರತಿ ಕಂಪನಿಯ ಯಂತ್ರಕ್ಕೆ ಅದರದೇ ಆ್ಯಂಟಿಬಾಡಿ, ಅದರದೇ ರೇಂಜು. ಒಂದರ ಮೇಲ್ಮಿತಿ 4.20, ಇನ್ನೊಂದರದು 4.94. ಒಂದೇ ರಕ್ತ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು. ಮೂರನೆಯದು ಮನುಷ್ಯನೇ. ಏನೂ ಕಾಯಿಲೆ ಇಲ್ಲದವರ ಟಿಎಸ್‌ಎಚ್ ಕೂಡ ದಿನದಿಂದ ದಿನಕ್ಕೆ ಆಡುತ್ತಿರುತ್ತದೆ. ಶೇ. 40-50ರಷ್ಟು ಬದಲಾಗದೆ ಗ್ರಂಥಿಯ ಸ್ಥಿತಿ ಬದಲಾಯಿತು ಅನ್ನೋಕೆ ಆಗಲ್ಲ.

ಇನ್ನು ಟ್ಯೂಬಿನ ಮಾತು, ಇದನ್ನು ಯಾರೂ ಕೇಳಲ್ಲ. ಥೈರಾಯ್ಡಿಗೆ ಹಳದಿ ಮುಚ್ಚಳದ ಜೆಲ್ ಟ್ಯೂಬು, ಇಲ್ಲಾ ಕೆಂಪು ಮುಚ್ಚಳದ್ದು. ರಕ್ತ ಹಾಕಿದ ಮೇಲೆ 5-6 ಸಲ ಮೆಲ್ಲಗೆ ಬೋರಲು ಮಾಡಿ, ನೆಟ್ಟಗೆ ನಿಲ್ಲಿಸಿ ಅರ್ಧ ಗಂಟೆ ಬಿಡಬೇಕು. ಹೆಪ್ಪು ಗಟ್ಟಿಯಾದ ಮೇಲೆಯೇ ಸೆಂಟ್ರಿಫ್ಯೂಜು. ಸಾಲು ಉದ್ದ ಇದೆ ಅಂತ ಹತ್ತೇ ನಿಮಿಷಕ್ಕೆ ತಿರುಗಿಸಿದರೆ ಮೇಲೆ ಬರುವ ಸೀರಮ್ಮಿನಲ್ಲಿ ಹೆಪ್ಪುಗಟ್ಟಿಸುವ ಫೈಬ್ರಿನಿನ ಎಳೆ ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಬೆಂದ ಶಾವಿಗೆಯ ಎಳೆಯ ಹಾಗೆ ತೇಲೋದು ಕಾಣುತ್ತದೆ. ಯಂತ್ರದ ಸೂಜಿ ಅದನ್ನು ಹೀರಿದರೆ ಸೀರಮ್ ಕಡಿಮೆ ಬೀಳುತ್ತದೆ, ನಂಬರು ಸುಳ್ಳಾಗುತ್ತದೆ. ಶಿಬಿರದಲ್ಲಿ 80 ಜನರ ಟ್ಯೂಬು ಬೈಕಿನ ಚೀಲದಲ್ಲಿ ಐಸ್ ಪ್ಯಾಕ್ ಇಲ್ಲದೆ ಮಧ್ಯಾಹ್ನದವರೆಗೆ ಸುತ್ತಿದರೂ ಟಿಎಸ್‌ಎಚ್ ಸುಲಭಕ್ಕೆ ಕೆಡಲ್ಲ, ಆದರೆ ಅದೇ ಟ್ಯೂಬಿನ ಸಕ್ಕರೆ, ಪೊಟ್ಯಾಸಿಯಂ ಕೆಟ್ಟಿರುತ್ತದೆ.

ಥೈರಾಯ್ಡಿಗೆ ಉಪವಾಸ ಕಡ್ಡಾಯವಲ್ಲ. ಹೊತ್ತು ಮಾತ್ರ ಪ್ರತಿ ಸಲ ಒಂದೇ ಇರಲಿ.

ಮುಲುಂಡ್_ಚೆಕ್‌ನಾಕಾ · 7.31

ಒಂದು ರಿಪೋರ್ಟಲ್ಲಿ ಫ್ರೀ ಟಿ4 1.1, ಇನ್ನೊಂದರಲ್ಲಿ 14 ಅಂತ ಇತ್ತು, ಗಾಬರಿ ಬಿದ್ದು ಫೋನ್ ಮಾಡುವವರಿದ್ದಾರೆ. ಯೂನಿಟ್ ನೋಡಿ. ಡೆಸಿಲೀಟರಿಗೆ ನ್ಯಾನೊಗ್ರಾಂ ಇದ್ದರೆ 12.87ರಿಂದ ಗುಣಿಸಿ, ಲೀಟರಿಗೆ ಪಿಕೊಮೋಲ್ ಬರುತ್ತೆ. 1.1 ಅಂದರೆ 14.2. ಎರಡೂ ಒಂದೇ.

ವಾಸ್ಕೋ_ಔಷಧಿ · 7.48

ಟಿಎಸ್‌ಎಚ್ ನೋಡೋ ಮೊದಲು ಒಂದು ಪ್ರಶ್ನೆ ಕೇಳ್ರಿ: ಕೂದಲಿಗೆ, ಉಗುರಿಗೆ ಅಂತ ಯಾವುದರೆ ಮಾತ್ರೆ ನಡದೈತೇನು? ಬಯೊಟಿನ್ ಅನ್ನೂ ವಿಟಮಿನ್. ದಿನಕ್ಕ ಬೇಕಾಗೂದು 30 ಮೈಕ್ರೊಗ್ರಾಂ, ಅಂಗಡ್ಯಾಗ ಸಿಗೂ ಮಾತ್ರೆಯೊಳಗ 10 ಮಿಲಿಗ್ರಾಂ, ಅಂದ್ರ 300 ಪಟ್ಟಿಗಿಂತ ಹೆಚ್ಚು. ಇದು ಗ್ರಂಥಿಗೆ ಏನೂ ಮಾಡೂದಿಲ್ಲ, ಯಂತ್ರದ ಕಣ್ಣು ಕಟ್ಟತದ.

ಡೊಂಬಿವಲಿ_ಲ್ಯಾಬ್‌ಮೇಜು · 7.59

ಹೌದು, ಅದು ಹೇಗೆ ಅಂತ ಬಿಡಿಸಿ ಹೇಳ್ತೇನೆ. ಹಲವು ಯಂತ್ರಗಳಲ್ಲಿ ಸ್ಟ್ರೆಪ್ಟಾವಿಡಿನ್ ಬಳಿದ ಸಣ್ಣ ಕಾಂತದ ಮಣಿಗಳಿರುತ್ತವೆ. ಟಿಎಸ್‌ಎಚ್‌ಗೆ ಅಂಟಿದ ಆ್ಯಂಟಿಬಾಡಿಯ ಬಾಲಕ್ಕೆ ಬಯೊಟಿನ್ ಕಟ್ಟಿರುತ್ತಾರೆ, ಅದು ಮಣಿಗೆ ಕಚ್ಚಿಕೊಳ್ಳಬೇಕು. ರಕ್ತದಲ್ಲೇ ಬಯೊಟಿನ್ ತುಂಬಿದ್ದರೆ ಮಣಿಯ ಮೇಲಿನ ಜಾಗವನ್ನು ಅದೇ ಹಿಡಿಯುತ್ತದೆ, ಟಿಎಸ್‌ಎಚ್ ತೊಳೆದುಹೋಗುತ್ತದೆ, ನಂಬರು ಸುಳ್ಳೇ ಕಡಿಮೆ. ಫ್ರೀ ಟಿ4, ಟಿ3 ಪರೀಕ್ಷೆ ಪೈಪೋಟಿಯ ಬಗೆಯದು, ಅಲ್ಲಿ ಯಂತ್ರ ಅಳೆಯುವ ಬೆಳಕು ಕಡಿಮೆಯಾದರೆ ಹಾರ್ಮೋನ್ ಹೆಚ್ಚಿದೆ ಎಂದು ಲೆಕ್ಕ. ಹಾಗಾಗಿ ಅವು ಸುಳ್ಳೇ ಹೆಚ್ಚು. ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು: ಕಾಗದದ ಮೇಲೆ ಥೇಟ್ ಗ್ರೇವ್ಸ್ ಕಾಯಿಲೆ (ಗ್ರಂಥಿ ಅತಿಯಾಗಿ ಹಾರ್ಮೋನ್ ಮಾಡುವುದು), ಮನುಷ್ಯ ನೋಡಿದರೆ ಆರಾಮ. ರಕ್ತ ಕೊಡುವ ಮೊದಲು ಕನಿಷ್ಠ ಎರಡು ದಿನ ಬಯೊಟಿನ್ ನಿಲ್ಲಿಸಬೇಕು.

ಮಾಟುಂಗ_ಓದುಗ · 8.05

ಹಾಗಾದ್ರೆ ಮಾತ್ರೆ ತಿನ್ನುವವರ ಟಿಎಸ್‌ಎಚ್ 6 ಇದ್ದದ್ದು ಬಯೊಟಿನ್‌ನಿಂದ 3 ಅಂತ ತೋರಿದ್ರೆ? ಎಲ್ಲ ಸರಿ ಉಂಟು ಅಂತ ಸುಮ್ಮನೆ ಕೂರುದಾ?

ಡೊಂಬಿವಲಿ_ಲ್ಯಾಬ್‌ಮೇಜು · 8.07

ಅದೇ ಅಪಾಯ. ಸುಳ್ಳು ನಾರ್ಮಲ್ಲು ಸುಳ್ಳು ಕೆಂಪಿಗಿಂತ ಕೆಟ್ಟದ್ದು, ಯಾಕೆಂದರೆ ಅದನ್ನು ಯಾರೂ ಮತ್ತೆ ಪರೀಕ್ಷಿಸಲ್ಲ.

ಪರೇಲ್_ಐಸೊಟೋಪ್ · 8.26

ಬುಡದಿಂದ ಹೇಳಿ ಅಂದಿದ್ದೀರಿ, ಗ್ರಂಥಿಯ ಒಳಗಿನ ಕೆಲಸ ಯಾರೂ ಹೇಳಿಲ್ಲ. ಗಂಟಲಮಣಿಯ ಕೆಳಗೆ ಶ್ವಾಸನಾಳವನ್ನು ತಬ್ಬಿಕೊಂಡ ಚಿಟ್ಟೆಯಾಕಾರದ ಗ್ರಂಥಿ, ದೊಡ್ಡವರಲ್ಲಿ 15-25 ಗ್ರಾಂ. ಒಳಗೆ ಲಕ್ಷಾಂತರ ಪುಟ್ಟ ಚೀಲಗಳು, ಒಂದೊಂದರ ಗೋಡೆ ಒಂದೇ ಸಾಲು ಜೀವಕೋಶ, ನಡುವೆ ಅಂಟಿನಂಥ ಕೊಲಾಯ್ಡ್. ಗೋಡೆಯ ಜೀವಕೋಶ ರಕ್ತದಿಂದ ಅಯೋಡೈಡನ್ನು ಎಳೆದುಕೊಳ್ಳುತ್ತದೆ, ಸೋಡಿಯಂ ಜೊತೆ ಜೋಡಿ ಮಾಡಿ. ರಕ್ತದಲ್ಲಿ ಇರುವುದಕ್ಕಿಂತ 20-40 ಪಟ್ಟು ಒಳಗೆ ಕೂಡಿಡುತ್ತದೆ.

ಆಮೇಲೆ ಟಿಪಿಒ ಎಂಬ ಕಿಣ್ವ ಆ ಅಯೋಡಿನನ್ನು ಥೈರೊಗ್ಲೊಬ್ಯುಲಿನ್ ಎಂಬ ದೊಡ್ಡ ಪ್ರೋಟೀನಿನ ಟೈರೊಸಿನ್ ಮೇಲೆ ಕೂರಿಸುತ್ತದೆ. ಒಂದು ಅಯೋಡಿನ್ ಕೂತರೆ ಎಂಐಟಿ, ಎರಡು ಕೂತರೆ ಡಿಐಟಿ. ಎರಡು ಡಿಐಟಿ ಬೆಸೆದರೆ ಟಿ4, ಒಂದು ಎಂಐಟಿ ಒಂದು ಡಿಐಟಿ ಬೆಸೆದರೆ ಟಿ3. ಹೆಸರಿನ 4, 3 ಅಂದರೆ ಅಯೋಡಿನ್ ಪರಮಾಣುಗಳ ಎಣಿಕೆ, ಬೇರೇನಲ್ಲ. ಆ್ಯಂಟಿ ಟಿಪಿಒ ಇದ್ದರೆ ದೇಹದ ರಕ್ಷಣಾಪಡೆ ಇದೇ ಕಿಣ್ವದ ಮೇಲೆ ಬಿದ್ದಿದೆ ಎಂದರ್ಥ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ವಿವರಿಸಿದ ಕಾಯಿಲೆಯ ಗುರುತು ಅದು.

ತಯಾರಾದ ಹಾರ್ಮೋನ್ ಕೊಲಾಯ್ಡಿನಲ್ಲಿ 2-3 ತಿಂಗಳಿಗಾಗುವಷ್ಟು ದಾಸ್ತಾನು ಇರುತ್ತದೆ. ಹೀಗೆ ಬೇಸಾಯದ ಕಣಜದ ಹಾಗೆ ಕೂಡಿಡುವ ಹಾರ್ಮೋನ್ ಗ್ರಂಥಿ ಮೈಯಲ್ಲಿ ಬೇರೆ ಇಲ್ಲ. ಹೆರಿಗೆಯಾದ ಮೇಲೆ ಕೆಲವರಿಗೆ ಗ್ರಂಥಿ ಉರಿಯೂತದಿಂದ ಒಡೆದು ಈ ದಾಸ್ತಾನು ಒಮ್ಮೆಗೇ ರಕ್ತಕ್ಕೆ ಸುರಿಯುತ್ತದೆ. ಎದೆ ಡವಗುಟ್ಟುತ್ತದೆ, ಟಿಎಸ್‌ಎಚ್ ತಳ ಮುಟ್ಟುತ್ತದೆ. ಕೆಲವು ವಾರಕ್ಕೆ ಕಣಜ ಖಾಲಿ, ಆಗ ಟಿಎಸ್‌ಎಚ್ ಏರುತ್ತದೆ. ಬಹುಪಾಲು ಬಾಣಂತಿಯರಲ್ಲಿ ವರ್ಷದೊಳಗೆ ಸರಿಹೋಗುತ್ತದೆ. ಮೊದಲ ಹಂತವನ್ನು ಗ್ರೇವ್ಸ್ ಎಂದು ತಿಳಿದು ಹಾರ್ಮೋನ್ ತಯಾರಿಕೆ ತಡೆಯುವ ಕಾರ್ಬಿಮಜೋಲ್ ಕೊಡುವುದು ದೊಡ್ಡ ತಪ್ಪು, ಅಲ್ಲಿ ತಯಾರಿಕೆ ಹೆಚ್ಚಿಲ್ಲ, ಸೋರಿಕೆ ಹೆಚ್ಚು.

ಪೋಂಡಾ_ತೋಟ · 8.33

ಎರಡನ್ನ ಬೇರೆ ಮಾಡಿ ಗುರುತಿಸೋದು ಹೇಗೆ?

ಪರೇಲ್_ಐಸೊಟೋಪ್ · 8.41

ಸ್ಕ್ಯಾನ್. ವಿಕಿರಣ ಸೂಸುವ ಟೆಕ್ನೀಶಿಯಂ ಸೂಜಿ ಕೊಟ್ಟು ಸುಮಾರು 20 ನಿಮಿಷಕ್ಕೆ ಚಿತ್ರ ತೆಗೆಯುತ್ತಾರೆ. ಗ್ರೇವ್ಸ್ ಆದರೆ ಚಿಟ್ಟೆ ಪೂರ್ತಿ ಕಪ್ಪಗೆ ಹೊಳೆಯುತ್ತದೆ, ಸೋರಿಕೆಯಾದರೆ ಕುತ್ತಿಗೆಯಲ್ಲಿ ಏನೂ ಕಾಣಲ್ಲ, ಪಕ್ಕದ ಜೊಲ್ಲುಗ್ರಂಥಿಗಳು ಮಾತ್ರ ಕಾಣುತ್ತವೆ. ಅಥವಾ ಗ್ರೇವ್ಸ್ ತರುವ ಆ್ಯಂಟಿಬಾಡಿ ಹುಡುಕುವ ಟಿಆರ್‌ಎಬಿ ರಕ್ತಪರೀಕ್ಷೆ, ಬಸುರಿ ಆಗಿದ್ದರೆ ಇದೇ ದಾರಿ, ಸ್ಕ್ಯಾನ್ ಕೂಡದು. ಎದೆಹಾಲು ಕೊಡುವವರಿಗೆ ಟೆಕ್ನೀಶಿಯಂ ಆದರೆ ಸ್ವಲ್ಪ ಹೊತ್ತು ಹಾಲು ಹಿಂಡಿ ಚೆಲ್ಲಿದರೆ ಸಾಕಾಗುತ್ತದೆ, ಎಷ್ಟು ಹೊತ್ತು ಎಂದು ವಿಭಾಗದವರೇ ಹೇಳುತ್ತಾರೆ. ವಿಕಿರಣ ಸೂಸುವ ಅಯೋಡಿನ್ 131 ಮಾತ್ರ ಆ ಮಗುವಿಗೆ ಹಾಲು ಕೊಡುವ ತನಕ ಮುಟ್ಟುವಂತಿಲ್ಲ, ಅದರ ಅರ್ಧಾಯುಷ್ಯ 8 ದಿನ.

ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ಕೊಡುವ ದ್ರವ) ಹಾಕಿ ಸಿಟಿ ಸ್ಕ್ಯಾನ್ ಆಗಿದ್ದರೆ ಮೊದಲೇ ಹೇಳಬೇಕು. ಅದರಲ್ಲಿನ ಅಯೋಡಿನ್ ಗ್ರಂಥಿಯನ್ನು ತುಂಬಿಬಿಟ್ಟಿರುತ್ತದೆ, 4-8 ವಾರ ಚಿತ್ರಕ್ಕೆ ಬೆಲೆ ಇಲ್ಲ. ನಮ್ಮ ಮುಂಬಯಿಯಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರದ ರೇಡಿಯೇಷನ್ ಮೆಡಿಸಿನ್ ಸೆಂಟರ್ 1963ರಿಂದ ಪರೇಲಿನಲ್ಲಿ ಈ ಕೆಲಸ ಮಾಡುತ್ತಿದೆ, ಐಸೊಟೋಪು ಟ್ರಾಂಬೆಯ ರಿಯಾಕ್ಟರಿನದು.

ಪೋಂಡಾ_ತೋಟ · 8.50

ಅಯೋಡಿನ್ ಮಾತು ಬಂತು ಅಂತ ಕೇಳ್ತೀನಿ. ಇಲ್ಲಿ ಗೋವಾದಲ್ಲಿ ಮೀಠಾಗರದ (ಉಪ್ಪಿನ ಗದ್ದೆಯ) ಹರಳುಪ್ಪು ಚೀಲಗಟ್ಟಲೆ ಸಿಗ್ತದೆ. ಸಮುದ್ರದ್ದು ಅಂದಮೇಲೆ ಅಯೋಡಿನ್ ಇರ್ತದಲ್ಲ, ಪಾಕೀಟಿನ ಉಪ್ಪು ಯಾಕೆ?

ಮಡಗಾಂವ್_ದಾದಿ · 9.02

ಇದು ಎಲ್ಲರ ತಪ್ಪು ತಿಳಿವಳಿಕೆ. ಸಮುದ್ರದ ಮೀನಿನಲ್ಲಿ, ಪಾಚಿಯಲ್ಲಿ ಅಯೋಡಿನ್ ಇದೆ, ಬಿಸಿಲಿಗೆ ಒಣಗಿಸಿದ ಉಪ್ಪಿನಲ್ಲಿ ಲೆಕ್ಕಕ್ಕೆ ಬರುವಷ್ಟು ಉಳಿಯೋದಿಲ್ಲ. ಪಾಕೀಟಿನ ಉಪ್ಪಿಗೆ ಅಯೋಡೇಟ್ ಬೆರೆಸಿರ್ತಾರೆ, ಮನೆಗೆ ಬಂದಾಗ ಕಡೇಪಕ್ಷ 15 ಪಿಪಿಎಂ ಇರಬೇಕು ಅಂತ ನಿಯಮ. 15 ಪಿಪಿಎಂ ಅಂದರೆ ಒಂದು ಗ್ರಾಂ ಉಪ್ಪಿನಲ್ಲಿ 15 ಮೈಕ್ರೊಗ್ರಾಂ. ದೊಡ್ಡವರಿಗೆ ದಿನಕ್ಕೆ 150 ಬೇಕು, ಬಸುರಿಗೆ 250. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವುದನ್ನು 2006ರ ಮೇ ತಿಂಗಳಿನಿಂದ ದೇಶದಾದ್ಯಂತ ನಿಷೇಧಿಸಿದೆ. ಹರಳುಪ್ಪನ್ನು ಮಾವಿನಮಿಡಿಗೆ, ಒಣಮೀನಿಗೆ ಇಟ್ಟುಕೊಳ್ಳಿ. ಸಾರಿಗೆ, ಪಲ್ಯಕ್ಕೆ ಪಾಕೀಟಿನದು, ಅದೂ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ. ಮಳೆಗಾಲದಲ್ಲಿ ಉಪ್ಪು ನೀರೊಡೆದರೆ ಅಯೋಡಿನ್ ತಳಕ್ಕೆ ಇಳಿದು ಹೋಗ್ತದೆ. ಒಲೆಯಿಂದ ಇಳಿಸುವಾಗ ಉಪ್ಪು ಹಾಕಿದರೆ ಇನ್ನೂ ಒಳ್ಳೇದು.

ಹಾಗಂತ ಟಿಎಸ್‌ಎಚ್ ಏರಿದೆ ಅಂತ ಉಪ್ಪು ಹೆಚ್ಚು ತಿನ್ನೋದು, ಪಾಚಿಯ ಕ್ಯಾಪ್ಸೂಲ್ ನುಂಗೋದು ಬೇಡ. ಹಶಿಮೊಟೊ ಇದ್ದರೆ ಹೆಚ್ಚಿನ ಅಯೋಡಿನ್ ಗ್ರಂಥಿಯನ್ನು ಇನ್ನೂ ತಡೆಹಿಡಿತದೆ.

ಇನ್ನೊಂದು, ಕೂಸಿನ ವಿಷಯ. ಹುಟ್ಟಿ 48-72 ಗಂಟೆಯೊಳಗೆ ಹಿಮ್ಮಡಿಯ ನಾಲ್ಕು ಹನಿ ರಕ್ತ ಕಾಗದದ ಮೇಲೆ ತೆಗೆದು ಮಾಡುವ ಥೈರಾಯ್ಡ್ ಪರೀಕ್ಷೆ ಕೇಳಿ ಮಾಡಿಸಿ. ಹುಟ್ಟಿದಾಗಲೇ ಗ್ರಂಥಿ ಇಲ್ಲದ ಕೂಸು ನೋಡಲು ಆರೋಗ್ಯವಾಗಿಯೇ ಇರ್ತದೆ, ತಾಯಿಯ ಟಿ4 ಇನ್ನೂ ಇರ್ತದಲ್ಲ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಪೂರ್ತಿ ಬೆಳೀತದೆ, ತಿಂಗಳುಗಟ್ಟಲೆ ತಡವಾದರೆ ಹೋದದ್ದು ಹೋಯ್ತು. ಈ ಚರ್ಚೆಯಲ್ಲಿ ಕಾಯಿರಿ ಅಂತ ಬರೆದ ಯಾವ ಮಾತೂ ಕೂಸಿಗೆ ಅನ್ವಯಿಸಲ್ಲ.

ವಾಸ್ಕೋ_ಔಷಧಿ · 9.20

ಮಳಿಗಾಲದ ಮಾತು ಬಂತಲ್ಲ, ಮಾತ್ರೆದೂ ಅದ ಕತಿ. ಥೈರಾಕ್ಸಿನ್ ಮಾತ್ರೆ, ಅಂದ್ರ ಲಿವೊಥೈರಾಕ್ಸಿನ್‌ಗೆ ತೇವ, ಬೆಳಕು, ಬಿಸಿ ಮೂರೂ ಆಗೂದಿಲ್ಲ. ಡಬ್ಬಿ ಅಡಗಿಮನ್ಯಾಗ, ಬಚ್ಚಲಮನಿ ಕಪಾಟಿನ್ಯಾಗ ಇಡಬ್ಯಾಡ್ರಿ. ಡಬ್ಬಿಯೊಳಗಿನ ಸಣ್ಣ ಸಿಲಿಕಾ ಪುಡಿಕಿ ಎಸೀಬ್ಯಾಡ್ರಿ. ತಿಂಗಳದ್ದೆಲ್ಲಾ ಬಿಡಿಸಿ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕೂದು ಬ್ಯಾಡ. ಆಗಸ್ಟಿನ್ಯಾಗ ಕೊಂಕಣದಾಗ ಟಿಎಸ್‌ಎಚ್ ಏರ್ತು ಅಂದ್ರ ಡೋಸ್ ಏರ್ಸೂ ಮೊದಲು ಡಬ್ಬಿ ಎಲ್ಲೈತಿ ಕೇಳ್ರಿ.

ತಗೊಳ್ಳೋ ರೀತಿ: ಎದ್ದ ಕೂಡಲೆ, ಬರಿಹೊಟ್ಟಿ, ನೀರಾಗ. ಚಾ, ಕಾಫಿ, ಅವಲಕ್ಕಿ ಏನಿದ್ರೂ ಅರ್ಧದಿಂದ ಒಂದು ತಾಸು ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ನಾಕು ತಾಸು ಬಿಟ್ಟು. ಬಸುರ್ಯಾರಿಗೆ ಈ ಮೂರೂ ಒಂದ ಚೀಟಿಯೊಳಗ ಬರೀತಾರ, ಅವರು ಮೂರೂ ಒಮ್ಮೆ ನುಂಗ್ತಾರ, ಥೈರಾಕ್ಸಿನ್ ಕ್ಯಾಲ್ಸಿಯಂಗೆ ಅಂಟಿ ಹೊರಗ ಹೋಗ್ತದ. ಬೆಳಿಗ್ಗೆ ಆಗೂದಿಲ್ಲಂದ್ರ ರಾತ್ರಿ ಊಟ ಆಗಿ ಮೂರು ತಾಸಿಗೆ ತಗೊಂಡ್ರೂ ನಡೀತದ. ಕಂಪನಿ ಬದಲಿ ಮಾಡಿದ್ರ 6-8 ವಾರಕ್ಕ ಟಿಎಸ್‌ಎಚ್ ನೋಡಬೇಕು.

ಮಾಟುಂಗ_ಓದುಗ · 9.28

6-8 ವಾರ ಯಾಕೆ? ಮಾತ್ರೆ ಅದೇ ದಿನ ಹೊಟ್ಟೆಗೆ ಹೋಗ್ತದಲ್ಲ?

ಪಿಂಪ್ರಿ_ಎಂಡೋ · 9.37

ಟಿ4 ಅರ್ಧಾಯುಷ್ಯ ಸುಮಾರು 7 ದಿನ. ಹೊಸ ಡೋಸ್ ಮೈಯಾಗ ಸಮ ನಿಲ್ಲಾಕ 5 ವಾರ ಬೇಕು, ಪಿಟ್ಯುಟರಿ ಅದಕ್ಕಿಂತ ನಿಧಾನ. ಎರಡ ವಾರಕ್ಕ ಪರೀಕ್ಷೆ ಮಾಡಿಸಿ ಡೋಸ್ ಏರಿಸಿದ್ರ ತಿಂಗಳ ಮ್ಯಾಲ ಅತಿ ಆಗಿರ್ತದ.

ಇದ ಕಾರಣಕ್ಕ ಒಂದು ವಿಚಿತ್ರ ರಿಪೋರ್ಟ್ ಬರ್ತದ ನೋಡ್ರಿ: ಟಿಎಸ್‌ಎಚ್ 14, ಆದ್ರ ಫ್ರೀ ಟಿ4 ರೇಂಜಿನ ಮ್ಯಾಲಿನ ತುದಿಯೊಳಗ. ಎರಡು ತಿಂಗಳು ಮಾತ್ರೆ ಮರ್ತು, ಪರೀಕ್ಷೆ ಐತಿ ಅಂತ ಕಡೀ ನಾಕು ದಿನ ತಪ್ಪದ ತಗೊಂಡವರದ್ದು ಹಿಂಗ ಇರ್ತದ. ಟಿ4 ನಾಕು ದಿನದ ಕತಿ ಹೇಳ್ತದ, ಟಿಎಸ್‌ಎಚ್ ಎರಡು ತಿಂಗಳದ್ದು. ಬೈದು ಉಪಯೋಗ ಇಲ್ಲ, ಎಲ್ಲಿ ಮರೀತೈತಿ ಕೇಳಿ ಹೊತ್ತು ಬದಲಿ ಮಾಡ್ರಿ.

ಫ್ರೀ ಟಿ4 ಅಳಿಯೂ ದಿನ ರಕ್ತ ಕೊಟ್ಟ ಮ್ಯಾಲ ಮಾತ್ರೆ ತಗೊಳ್ರಿ. ನುಂಗಿದ ಕೆಲವು ತಾಸು ಟಿ4 ಸುಳ್ಳ ಏರಿರ್ತದ. ಟಿಎಸ್‌ಎಚ್‌ಗೆ ಆ ಚಿಂತಿ ಇಲ್ಲ.

ಮುಲುಂಡ್_ಚೆಕ್‌ನಾಕಾ · 9.45

ಅಂದಮೇಲೆ ಟಿಎಸ್‌ಎಚ್ ಒಂದೇ ಸಾಕು ಅಂತಾಯ್ತು. ಪ್ರೊಫೈಲ್ ಅಂತ ಟಿ3, ಟಿ4, ಫ್ರೀ ಟಿ3, ಫ್ರೀ ಟಿ4 ಎಲ್ಲಾ ಮಾಡಿಸೋದು ದುಡ್ಡು ದಂಡ.

ಪಿಂಪ್ರಿ_ಎಂಡೋ · 9.58

ಮೊದಲ ಸಲ ನೋಡಾಕ, ಮಾತ್ರೆ ಡೋಸ್ ನೋಡಾಕ ಹೌದು, ಟಿಎಸ್‌ಎಚ್ ಸಾಕು. ಟಿ3 ಅಂತೂ ಗ್ರಂಥಿ ಸೋತದ್ದು ತಿಳಿಯಾಕ ಕೆಲಸಕ್ಕ ಬರೂದಿಲ್ಲ. ಮೈಯಾಗಿನ ಟಿ3 ಪೈಕಿ ಶೇ. 80ರಷ್ಟು ಲಿವರು, ಕಿಡ್ನಿಯಂಥ ಅಂಗಗಳೊಳಗ ಟಿ4ನ ಒಂದು ಅಯೋಡಿನ್ ಕಿತ್ತು ಆಗೂದು, ಗ್ರಂಥಿ ಸೋತಾಗ ಮೈ ಟಿ3 ಕಾಯ್ಕೊಂಡು ಕಡೀತನಾ ನಾರ್ಮಲ್ ಇಡ್ತದ. ಒಟ್ಟು ಟಿ4 ಬಸುರ್ಯಾರಿಗೆ, ಗರ್ಭನಿರೋಧಕ ಮಾತ್ರೆ ತಗೊಳ್ಳೋರಿಗೆ ಸುಳ್ಳ ಹೆಚ್ಚು ತೋರಸ್ತದ, ಯಾಕಂದ್ರ ಅದನ್ನ ಹೊತ್ತು ತಿರಗೂ ಪ್ರೋಟೀನ್ ಹೆಚ್ಚಾಗಿರ್ತದ. ಫ್ರೀ ಅಂದ್ರ ಹೊತ್ತವರಿಲ್ಲದ್ದು, ಟಿ4ನಾಗ ಅದು ಶೇ. 0.03ರಷ್ಟ.

ಆದ್ರ ಒಂದು ಕಡೆ ಟಿಎಸ್‌ಎಚ್ ಒಂದ ನೋಡಿದ್ರ ಮೋಸ ಹೋಗ್ತೀರಿ: ಪಿಟ್ಯುಟರಿನ ಕೆಟ್ಟಾಗ. ಹೆರಿಗಿ ವ್ಯಾಳ್ಯಾದಾಗ ಭಾಳ ರಕ್ತ ಹೋಗಿ ಪಿಟ್ಯುಟರಿಗೆ ಪೆಟ್ಟು ಬಿದ್ದ ಬಾಣಂತಿ, ಎದಿಹಾಲು ಬರಲಿಲ್ಲ, ಮುಟ್ಟು ಮತ್ತ ಶುರು ಆಗಲಿಲ್ಲ, ಸುಸ್ತು. ಟಿಎಸ್‌ಎಚ್ 2.1, ಚಂದ ಕಾಣ್ತದ. ಫ್ರೀ ಟಿ4 ನೋಡಿದ್ರ 0.5. ಹುಕುಂ ಕೊಡೋದ ಮಲಗೈತಿ. ಇಂಥವರಿಗೆ ಕಾರ್ಟಿಸಾಲ್ (ಮೈಯ ಸ್ವಂತ ಸ್ಟೀರಾಯ್ಡ್ ಹಾರ್ಮೋನ್) ನೋಡದ ಥೈರಾಕ್ಸಿನ್ ಶುರು ಮಾಡಬಾರದು, ಜೀವಕ್ಕ ಅಪಾಯ. ಮೊದಲು ಸ್ಟೀರಾಯ್ಡ್, ಆಮ್ಯಾಲ ಥೈರಾಕ್ಸಿನ್.

ಹಂಗ ಗ್ರೇವ್ಸ್‌ಗೆ ಕಾರ್ಬಿಮಜೋಲ್ ಶುರು ಮಾಡಿದ ಮೊದಲ ತಿಂಗಳುಗಳಾಗೂ ಟಿಎಸ್‌ಎಚ್ ನೆಚ್ಚಬ್ಯಾಡ್ರಿ. ಟಿ4 ಇಳಿದು ಎಷ್ಟೋ ವಾರ ಆದ್ರೂ ಟಿಎಸ್‌ಎಚ್ ತಳದಾಗ ಇರ್ತದ. ಆ ಮಾತ್ರೆ ಮ್ಯಾಲ ಇರೋರಿಗೆ ಜ್ವರ, ಗಂಟಲು ಬ್ಯಾನಿ ಬಂದ್ರ ಮಾತ್ರೆ ನಿಲ್ಲಿಸಿ ಅವತ್ತ ಬಿಳಿ ರಕ್ತಕಣ ಎಣಿಸಬೇಕು.

ಮುಲುಂಡ್_ಚೆಕ್‌ನಾಕಾ · 10.03

ಒಪ್ಪಿದೆ. ಪಿಟ್ಯುಟರಿ ಮಾತು ಗೊತ್ತಿರಲಿಲ್ಲ.

ಮಡಗಾಂವ್_ದಾದಿ · 10.10

ಆಸ್ಪತ್ರೆಯಲ್ಲಿ ನ್ಯುಮೋನಿಯಾಕ್ಕೋ ಡೆಂಗಿಗೋ ಮಲಗಿದ್ದಾಗ ಥೈರಾಯ್ಡ್ ಮಾಡಿಸಬೇಡಿ, ತೀರ ಅಗತ್ಯ ಇಲ್ಲದಿದ್ದರೆ. ಜಡ್ಡಿನಲ್ಲಿ ಟಿ3 ಇಳೀತದೆ, ಟಿಎಸ್‌ಎಚ್ ಇಳಿದು, ಚೇತರಿಸುವಾಗ 10-15ರ ತನಕ ಏರಿ ಮತ್ತೆ ತಾನಾಗಿ ಸರಿಹೋಗ್ತದೆ. ಮನೆಗೆ ಬಂದು ಆರು ವಾರ ಆದ ಮೇಲೆ ಮಾಡಿಸಿ.

ಪರೇಲ್_ಐಸೊಟೋಪ್ · 10.16

ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ ಟಿಎಸ್‌ಎಚ್ ನಾರ್ಮಲ್ ಅಂತ ಸುಮ್ಮನಾಗಬೇಡಿ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಬಹುತೇಕ ಟಿಎಸ್‌ಎಚ್ ನಾರ್ಮಲ್ಲೇ ಇರುತ್ತದೆ. ಅದಕ್ಕೆ ಸೋನೋಗ್ರಫಿ, ಬೇಕಾದರೆ ಸೂಜಿ ಪರೀಕ್ಷೆ.

ಠಾಣೆ_ಘೋಡ್‌ಬಂದರ್ · 10.31

ಎಲ್ಲರಿಗೂ ಧನ್ಯವಾದ. ಹಾಗಾದರೆ ಆ 38ರ ಹೆಂಗಸಿಗೆ ಹೀಗೆ ಹೇಳ್ತೀನಿ: ಮಾತ್ರೆ ಈಗ ಬೇಡ, ಎರಡೂವರೆ ತಿಂಗಳು ಬಿಟ್ಟು ಮೊದಲಿನ ಲ್ಯಾಬಲ್ಲೇ ಬೆಳಿಗ್ಗೆ 7ಕ್ಕೆ ಟಿಎಸ್‌ಎಚ್, ಫ್ರೀ ಟಿ4, ಆ್ಯಂಟಿ ಟಿಪಿಒ. ಬಯೊಟಿನ್ ಎರಡು ದಿನ ಮೊದಲೇ ಬಂದ್. ಸರಿನಾ?

ಪಿಂಪ್ರಿ_ಎಂಡೋ · 10.36

ಸರಿ. ಒಂದು ಕೂಡಸ್ರಿ: ನಡುವ ಮುಟ್ಟು ತಪ್ಪಿದ್ರ ಎರಡೂವರೆ ತಿಂಗಳು ಕಾಯಬಾರದು, ಅದ ವಾರ ಟಿಎಸ್‌ಎಚ್ ಮಾಡಿಸಿ ಡಾಕ್ಟರನ್ನ ಕಾಣಬೇಕು. ಮೊದಲ ಮೂರು ತಿಂಗಳು ಕೂಸಿನ ಮೆದುಳು ತಾಯಿ ಟಿ4 ಮ್ಯಾಲ ಬೆಳೀತದ. ಮೊದಲಿಂದ್ಲೂ ಮಾತ್ರೆ ಮ್ಯಾಲ ಇರೋ ಹೆಂಗಸ್ರಾದ್ರ ಬಸುರು ತಿಳಿದ ದಿನದಿಂದ ವಾರಕ್ಕ 7ರ ಬದಲಿ 9 ಮಾತ್ರೆ, ಆಮ್ಯಾಲ ಡಾಕ್ಟರ್ ಹೇಳಿದಂಗ.

ಡೊಂಬಿವಲಿ_ಲ್ಯಾಬ್‌ಮೇಜು · 10.39

ರಕ್ತ ತೆಗೆಯುವವರಿಗೆ ಹಳೇ ರಿಪೋರ್ಟು ತೋರಿಸಿ, ಫಾರ್ಮಿನಲ್ಲಿ ಗಂಟೆ ಬರೆಸಿ. ಟ್ಯೂಬಿನ ಮೇಲೆ ಹೆಸರು ನಿಮ್ಮ ಕಣ್ಣೆದುರೇ ಅಂಟಿಸಲಿ.